ಕೋಲಾರದ ಹಿತ್ತಲಿಗೊಂದು ಅಗಸೆ ಮರ: ಬೀಜದಿಂದ ಬಸ್ಸಾರಿನವರೆಗೆ

ನಮ್ಮ ಬಚ್ಚಲಮನೆ ಹಿಂದೆ ಒಂದು ಅಗಸೆ ಮರ ಇದೆ. ಕಾರ್ತಿಕ ಬಂತೆಂದರೆ ಬೆಳಗ್ಗೆ ಹಿತ್ತಲ ಬಾಗಿಲು ತೆಗೆಯುವ ಹೊತ್ತಿಗೆ ನೆಲದ ತುಂಬಾ ಬಿಳಿ ಹೂ. ಒಂದೊಂದೂ ಬೆರಳುದ್ದ, ಬಿದಿಗೆ ಚಂದ್ರನ ಹಾಗೆ ಬಾಗಿದ್ದು. ಅಷ್ಟು ಹೊತ್ತಿಗಾಗಲೇ ಸೂರಕ್ಕಿಗಳು ಕೊಂಬೆಗೆ ಬಂದು ಮಕರಂದ ಹೀರುತ್ತಿರುತ್ತವೆ. ಮುಳಬಾಗಿಲು ಕಡೆಯ ನಮ್ಮ ಹಳ್ಳಿಯಲ್ಲಿ ಮೊದಲು ಇಂಥ ಮರಗಳು ಹತ್ತಾರು ಇದ್ದವು. ಈಗ ಎಣಿಸಿದರೆ ನಾಲ್ಕು. ಕೆಲವನ್ನು ಕಾಂಪೌಂಡ್ ಕಟ್ಟುವಾಗ ಕಡಿದರು, ಕೆಲವು ಗಾಳಿಗೆ ಬಿದ್ದವು. ಮತ್ತೆ ಯಾರೂ ಬೀಜ ಹಾಕಲಿಲ್ಲ.

ಅಗಸೆ ಬೆಳೆಸುವುದು ಸುಲಭ. ಆದರೆ ಅದಕ್ಕೊಂದು ಹದ ಇದೆ. ಎಲ್ಲಿ ನೆಡಬೇಕು, ಎಷ್ಟು ಕೊಂಬೆ ಕಡಿಯಬೇಕು, ಹೂವಿನಿಂದ ಏನನ್ನು ಕಿತ್ತು ಎಸೆಯಬೇಕು, ಎಷ್ಟು ದಿನಕ್ಕೊಮ್ಮೆ ತಿನ್ನಬೇಕು, ಎಲ್ಲಕ್ಕೂ ಒಂದು ಅಳತೆ. ಅದು ಗೊತ್ತಿಲ್ಲದೆ "ಬರೀ ಕಹಿ", "ಗಾಳಿಗೆ ಬೀಳುವ ಮರ" ಅಂತ ಕೈಬಿಟ್ಟವರೇ ಜಾಸ್ತಿ. ಅಜ್ಜಿಯಿಂದ ಕಲಿತದ್ದು, ನಾನೇ ಮೂರು ಮರ ಬೆಳೆಸಿ ತಿಳಿದುಕೊಂಡದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮರವನ್ನು ಗುರುತಿಸಿಕೊಳ್ಳಿ

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸೆಸ್ಬೇನಿಯಾ ಗ್ರ್ಯಾಂಡಿಫ್ಲೋರಾ. ಗ್ರ್ಯಾಂಡಿಫ್ಲೋರಾ ಅಂದರೆ ದೊಡ್ಡ ಹೂವಿನದು ಅಂತ ಅರ್ಥ. ಅವರೆ, ತೊಗರಿ, ಹೊಂಗೆ ಎಲ್ಲಾ ಸೇರುವ ದ್ವಿದಳ ಕುಟುಂಬದ್ದೇ. ಮರ 20ರಿಂದ 30 ಅಡಿ ಎತ್ತರ ಹೋಗುತ್ತದೆ. ಕಾಂಡ ತೆಳ್ಳಗೆ, ಕಟ್ಟಿಗೆ ಮೆತ್ತಗೆ. ಎಲೆ ನೋಡಲು ಹುಣಸೆ ಎಲೆಯ ಹಾಗೆ, ಆದರೆ ದೊಡ್ಡದು. ಒಂದೊಂದು ಕಡ್ಡಿಯ ಎರಡೂ ಬದಿ ಹತ್ತಿಪ್ಪತ್ತು ಜೊತೆ ಸಣ್ಣ ಎಲೆಗಳು. ಕಾಯಿ ಒಂದರಿಂದ ಎರಡು ಅಡಿ ಉದ್ದ, ಹಗ್ಗದ ಹಾಗೆ ಜೋತು ಬೀಳುತ್ತದೆ.

ಹೂವಿನಲ್ಲಿ ಎರಡು ಬಣ್ಣ. ಬಿಳಿಯದು ಅಡುಗೆಗೆ. ಕೆಂಪು ಹೂವಿನ ಮರ ನೋಡಲು ತುಂಬಾ ಚೆಂದ, ಆದರೆ ಕಹಿ ಜಾಸ್ತಿ. ಅದನ್ನು ಹೆಚ್ಚಾಗಿ ಅಂದಕ್ಕೆ, ಮದ್ದಿಗೆ ಅಂತ ಇಟ್ಟುಕೊಳ್ಳುತ್ತಾರೆ. ಒಂದೇ ಮರಕ್ಕೆ ಜಾಗ ಇದ್ದರೆ ಬಿಳಿಯದನ್ನೇ ಹಾಕಿ.

ಹೆಸರಿನ ವಿಷಯದಲ್ಲಿ ನಮ್ಮ ಜಿಲ್ಲೆಯವರು ಸ್ವಲ್ಪ ಹುಷಾರಾಗಿರಬೇಕು. ನಾವು ಕನ್ನಡದಲ್ಲಿ ಅಗಸೆ ಅನ್ನುತ್ತೇವೆ. ತೆಲುಗು ಮನೆಮಾತಿನವರು ಅವಿಸೆ ಅನ್ನುತ್ತಾರೆ. ಬಂಗಾರಪೇಟೆ, ಕೆಜಿಎಫ್ ಕಡೆಯ ತಮಿಳರಿಗೆ ಇದು ಅಗತ್ತಿ. ಇಷ್ಟಾದರೆ ಪರವಾಗಿಲ್ಲ. ಆದರೆ ಅಂಗಡಿಯಲ್ಲಿ "ಅಗಸೆ ಬೀಜ" ಅಂತ ಕೇಳಿದರೆ ಸಿಗುವುದು ಬೇರೆಯೇ. ಚಟ್ನಿಪುಡಿಗೆ ಹುರಿಯುವ, ಎಣ್ಣೆ ತೆಗೆಯುವ ಆ ಸಣ್ಣ ಗಿಡದ ಬೀಜ. ತೆಲುಗಿನಲ್ಲೂ ಅದೇ ಗೋಜಲು. ಅವಿಸೆ ಗಿಂಜಲು ಅಂದರೂ ಅದನ್ನೇ ಕೊಡುತ್ತಾರೆ. ಮೊದಲ ವರ್ಷ ನಾನು ಅದನ್ನೇ ತಂದು ಕವರಿನಲ್ಲಿ ಹಾಕಿ ನೀರು ಹೊಯ್ದೆ. ನೀಲಿ ಹೂ ಬಿಡುವ ಗೇಣುದ್ದದ ಗಿಡ ಬಂತು. ಆದ್ದರಿಂದ ಬೀಜವನ್ನು ಕಣ್ಣಿನಿಂದ ನೋಡಿ ತನ್ನಿ. ಚಟ್ನಿಪುಡಿಯ ಬೀಜ ಚಪ್ಪಟೆ, ನುಣುಪು, ಹೊಳೆಯುತ್ತದೆ, ಒಂದು ತುದಿ ಚೂಪು. ನಮ್ಮ ಮರದ ಬೀಜ ಪುಟ್ಟ ಕಾಳಿನ ಹಾಗೆ, ಕಂದು ಬಣ್ಣ, ಒಂದು ಕಡೆ ಸಣ್ಣ ತಗ್ಗು. ಇನ್ನೂ ಒಳ್ಳೆಯ ದಾರಿ ಎಂದರೆ ಮರ ಇರುವವರ ಮನೆಗೆ ಹೋಗಿ ಒಣಗಿದ ಒಂದು ಕಾಯಿ ಕೇಳುವುದು. ಒಂದು ಕಾಯಿಯಲ್ಲೇ ಬೇಕಾದಷ್ಟು ಬೀಜ ಇರುತ್ತದೆ.

ಅಗಸ್ತ್ಯ ಮುನಿಯ ಹೆಸರಿನಿಂದಲೇ ಅಗಸೆ ಅನ್ನುವ ಹೆಸರು ಬಂತೆಂದು ಹೇಳುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಅಗಸ್ತ್ಯ, ಮುನಿದ್ರುಮ ಎಂಬ ಹೆಸರುಗಳಿವೆ. ಮಳೆ ಇಳಿದು ಅಗಸ್ತ್ಯ ನಕ್ಷತ್ರ ಮೂಡುವ ಕಾಲಕ್ಕೆ ಹೂ ಬಿಡಲು ಶುರು ಮಾಡುತ್ತದೆ, ಅದಕ್ಕೇ ಆ ಹೆಸರು ಅನ್ನುವುದು ಹಳೆಯ ನಂಬಿಕೆ. ಹೂವನ್ನು ಶಿವನ ಪೂಜೆಗೂ ಏರಿಸುತ್ತಾರೆ.

ಬೀಜ ಹಾಕುವುದು

ಮೇ ಕೊನೆ ಇಲ್ಲವೇ ಜೂನ್ ಮೊದಲ ವಾರ ಬೀಜ ಹಾಕಿದರೆ ಮುಂಗಾರು ಹಿಡಿಯುವ ಹೊತ್ತಿಗೆ ಸಸಿ ತಯಾರಾಗಿರುತ್ತದೆ. ಬೀಜವನ್ನು ರಾತ್ರಿ ನೀರಿನಲ್ಲಿ ನೆನೆಸಿಡಿ. ಬೆಳಗ್ಗೆ ಉಬ್ಬಿದವನ್ನು ಆರಿಸಿಕೊಳ್ಳಿ. ಉಬ್ಬದೆ ಗಟ್ಟಿಯಾಗೇ ಉಳಿದ ಬೀಜವನ್ನು ಎಸೆಯಬೇಡಿ. ಸುಮ್ನೆ ಒರಟು ಕಲ್ಲಿನ ಮೇಲೆ ಒಂದು ಸಲ ಉಜ್ಜಿ ಮತ್ತೆ ನೆನೆಸಿ. ಮೇಲಿನ ಸಿಪ್ಪೆ ಸವೆದರೆ ನೀರು ಒಳಗೆ ಹೋಗುತ್ತದೆ.

ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಕಲಸಿ ಕವರಿಗೆ ತುಂಬಿ. ಹಾಲಿನ ಪ್ಯಾಕೆಟ್ ಆದರೂ ಸಾಕು, ತಳದಲ್ಲಿ ನಾಲ್ಕು ತೂತು ಮಾಡಿ. ಒಂದು ಕವರಿಗೆ ಎರಡು ಬೀಜ, ಅರ್ಧ ಅಂಗುಲ ಆಳ. ವಾರದೊಳಗೆ ಮೊಳಕೆ ಬರುತ್ತದೆ. ಎರಡೂ ಹುಟ್ಟಿದರೆ ಸೊರಗಿದ್ದನ್ನು ಕೀಳಿ.

ಕಿತ್ತ ಆ ಸಸಿಯನ್ನು ಬಿಸಾಡುವ ಮುಂಚೆ ಬೇರು ತೊಳೆದು ನೋಡಿ. ಮೂರ್ನಾಲ್ಕು ವಾರದ ಸಸಿಯಾದರೆ ಬೇರಿಗೆ ಸಾಸಿವೆ ಕಾಳಿನಷ್ಟು ಗಂಟುಗಳು ಅಂಟಿಕೊಂಡಿರಬಹುದು. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು ಬಣ್ಣ ಕಾಣಬೇಕು. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವ ಸೂಕ್ಷ್ಮಾಣುಗಳು ಅಲ್ಲಿರುತ್ತವೆ. ಬಣ್ಣ ಇದ್ದರೆ ಅವು ಕೆಲಸ ಮಾಡುತ್ತಿವೆ ಎಂದರ್ಥ. ಅದಕ್ಕೇ ಅಗಸೆಗೆ ಯೂರಿಯಾ ಬೇಡವೇ ಬೇಡ.

ಜಾಗ, ಗುಂಡಿ, ಗಾಳಿ

ಸಸಿ ಒಂದು ಅಡಿ ಆದಾಗ ನೆಲಕ್ಕೆ ನೆಡಬೇಕು. ಜಾಗ ಆರಿಸುವಾಗ ಎರಡು ವಿಷಯ ಮಾತ್ರ ನೋಡಿ: ಬಿಸಿಲು ಮತ್ತು ಗಾಳಿ. ಬಿಸಿಲು ಎಷ್ಟಿದ್ದರೂ ಒಳ್ಳೆಯದು. ಗಾಳಿ ಮಾತ್ರ ಇದಕ್ಕೆ ಆಗುವುದಿಲ್ಲ. ಬೇರು ಆಳಕ್ಕೆ ಹೋಗುವುದಿಲ್ಲ, ಕಟ್ಟಿಗೆ ಮೆತ್ತಗೆ, ಮೇಲೆ ಎಲೆ ದಟ್ಟ. ಆಷಾಢದ ಗಾಳಿ ಬೀಸಿದರೆ ನಡುವೆಯೇ ಮುರಿದು ಬೀಳುತ್ತದೆ. ನನ್ನ ಮೊದಲ ಮರ ಎರಡನೇ ವರ್ಷ ಹಾಗೇ ಹೋಯಿತು, ಅದೂ ಹೂ ಬಿಡಲು ಶುರು ಮಾಡಿದ ಮೇಲೆ. ಈಗಿನ ಮರ ಮನೆಯ ಪೂರ್ವಕ್ಕಿದೆ. ಪಡುವಣ ಗಾಳಿಯನ್ನು ಗೋಡೆಯೇ ತಡೆಯುತ್ತದೆ. ಗೋಡೆಯಿಂದ ಆರೇಳು ಅಡಿ ದೂರ ಇರಲಿ. ಮೇಲೆ ಕರೆಂಟ್ ತಂತಿ, ಕೆಳಗೆ ನೀರಿನ ತೊಟ್ಟಿ ಇರುವ ಕಡೆ ಬೇಡ.

ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಒಂದು ಬಾಂಡ್ಲಿ ಕೊಟ್ಟಿಗೆ ಗೊಬ್ಬರ ಸೇರಿಸಿ ತುಂಬಿ, ಸಸಿ ನೆಟ್ಟು, ಪಕ್ಕದಲ್ಲಿ ಒಂದು ಗೂಟ ಹೊಡೆದು ಸಡಿಲವಾಗಿ ಕಟ್ಟಿ. ಮೊದಲ ಮೂರು ತಿಂಗಳು ಮಳೆ ಇಲ್ಲದ ವಾರ ಎರಡು ಸಲ ನೀರು ಕೊಡಿ. ನಮ್ಮದು ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆಯ ಜಿಲ್ಲೆ, ವರ್ಷವಿಡೀ ಹರಿಯುವ ಹೊಳೆ ಇಲ್ಲ. ಬೋರ್‌ವೆಲ್ ನೀರನ್ನು ಮರಕ್ಕೆ ಬಿಡು ಅಂದರೆ ಯಾರಿಗೂ ಮನಸ್ಸು ಬರುವುದಿಲ್ಲ. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು ಇದಕ್ಕೆ ಸಾಕು. ಬಟ್ಟೆ ಒಗೆದ ಸೋಪಿನ ನೀರು ಮಾತ್ರ ಬಿಡಬೇಡಿ.

ಬೇಲಿಯ ಹಾಗೆ ಸಾಲಾಗಿ ಹಾಕಿ ಸೊಪ್ಪಿಗೆ, ಮೇವಿಗೆ ಬೆಳೆಸುವುದಾದರೆ ಮೂರು ಅಡಿಗೊಂದು ಸಸಿ ಸಾಕು. ಬಯಲಿನ ಎಲೆತೋಟಗಳಲ್ಲಿ ವೀಳ್ಯದೆಲೆ ಬಳ್ಳಿ ಹಬ್ಬಿಸಲು ಇದನ್ನು ಹೀಗೇ ಒತ್ತೊತ್ತಾಗಿ ಬೆಳೆಸುತ್ತಾರೆ. ಬಳ್ಳಿಗೆ ಆಸರೆಯೂ ಆಯಿತು, ತೆಳು ನೆರಳೂ ಆಯಿತು.

ಕುಡಿ ಚಿವುಟಿ, ಬೋಳಿಸಬೇಡಿ

ಬಿಟ್ಟರೆ ಅಗಸೆ ನೇರ ಮೇಲಕ್ಕೆ ಹೋಗುತ್ತದೆ. ಹೂ ಎಲ್ಲಾ ಕೈಗೆ ಸಿಗದ ಎತ್ತರದಲ್ಲಿ. ಆದ್ದರಿಂದ ಎದೆಯೆತ್ತರ ಬಂದಾಗ ಕುಡಿ ಚಿವುಟಿ. ಬದಿಗೆ ಮೂರ್ನಾಲ್ಕು ಕೊಂಬೆ ಒಡೆಯುತ್ತವೆ. ಆ ಕೊಂಬೆಗಳು ಮೊಳದುದ್ದ ಆದಾಗ ಅವುಗಳ ತುದಿಯನ್ನೂ ಒಮ್ಮೆ ಚಿವುಟಿ. ಮರ ಕುಳ್ಳಗೆ ಹರಡಿಕೊಳ್ಳುತ್ತದೆ, ಗಾಳಿಗೂ ತಡೆಯುತ್ತದೆ.

ಹೆಚ್ಚಿನವರು ತಪ್ಪುವುದು ಇಲ್ಲೇ. ನುಗ್ಗೆಯನ್ನು ಬುಡದ ತನಕ ಕಡಿದರೂ ಮತ್ತೆ ಚಿಗುರುತ್ತದೆ ಅಲ್ವಾ, ಅದೇ ಅಭ್ಯಾಸದಲ್ಲಿ ಅಗಸೆಗೂ ಮಚ್ಚು ಹಾಕುತ್ತಾರೆ. ಅಗಸೆ ಅಷ್ಟು ತಾಳುವುದಿಲ್ಲ. ಪೂರ್ತಿ ಬೋಳಿಸಿದರೆ, ಅದೂ ಮತ್ತೆ ಮತ್ತೆ ಬೋಳಿಸಿದರೆ, ಒಣಗಿ ಹೋಗುತ್ತದೆ. ಒಂದು ಸಲಕ್ಕೆ ಮೂರನೇ ಒಂದು ಭಾಗದ ಕೊಂಬೆ ಮಾತ್ರ ಕಡಿಯಿರಿ. ಎರಡು ಕಡಿತದ ನಡುವೆ ಎರಡು ಎರಡೂವರೆ ತಿಂಗಳು ಬಿಡಿ. ಮನೆಯ ಅಡುಗೆಗೆ ನಾಲ್ಕು ಕಡ್ಡಿ ಸೊಪ್ಪು ಮುರಿಯುವುದಕ್ಕೆ ಈ ಲೆಕ್ಕ ಬೇಡ. ನೆಟ್ಟ ನಾಲ್ಕೈದು ತಿಂಗಳಿಗೇ ಅಷ್ಟು ಸೊಪ್ಪು ಸಿಗುತ್ತದೆ. ಹೂ ಸಾಮಾನ್ಯವಾಗಿ ವರ್ಷ ತುಂಬುವ ಸುಮಾರಿಗೆ ಬರುತ್ತದೆ.

ಹುಳುವಿನ ಬಗ್ಗೆ ಎರಡು ಮಾತು. ಎಲೆ ತಿನ್ನುವ ಹಸಿರು ಹುಳುಗಳಲ್ಲಿ ಕೆಲವು ಹಳದಿ ಚಿಟ್ಟೆಯ ಮರಿಗಳು. ಅವನ್ನು ಹಾಗೇ ಬಿಡಿ, ಮರಕ್ಕೆ ಏನೂ ಆಗುವುದಿಲ್ಲ. ಕಾಂಡ ಕೊರೆಯುವ ಹುಳು ಮಾತ್ರ ಕೆಟ್ಟದ್ದು. ಕಾಂಡದಲ್ಲಿ ತೂತು, ಕೆಳಗೆ ಮರದ ಹೊಟ್ಟಿನಂಥ ಪುಡಿ ಕಂಡರೆ ತಂತಿ ಹಾಕಿ ಹುಳು ತೆಗೆದು, ತೂತಿಗೆ ಬೇವಿನೆಣ್ಣೆಯ ಹತ್ತಿ ತುರುಕಿ ಹಸಿಮಣ್ಣು ಮೆತ್ತಿ. ಹೂವನ್ನೂ ಸೊಪ್ಪನ್ನೂ ತಿನ್ನುವ ಮರ ಇದು. ತೋಟದ ಟೊಮೆಟೊಗೆ ಹೊಡೆಯುವ ಔಷಧವನ್ನು ಇದರ ಹತ್ತಿರ ತರಬೇಡಿ. ಪಕ್ಕದ ಹೊಲದಲ್ಲಿ ಸ್ಪ್ರೇ ಮಾಡಿದ್ದರೆ ಆ ವಾರ ಹೂ ಕೀಳಬೇಡಿ.

ಹೂ ಕೊಯ್ದು ಬಿಡಿಸುವುದು

ಇಡೀ ಅಡುಗೆ ನಿಂತಿರುವುದು ಈ ಕೆಲಸದ ಮೇಲೆ. ಇದನ್ನು ಸರಿಯಾಗಿ ಮಾಡಿದರೆ ಅಗಸೆ ಹೂ ಕಹಿ ಅನ್ನುವ ಮಾತೇ ಬರುವುದಿಲ್ಲ.

ಬೆಳಗ್ಗೆ ಬಿಸಿಲೇರುವ ಮುಂಚೆ ಕೊಯ್ಯಿರಿ. ಪೂರ್ತಿ ಅರಳಿದ್ದಕ್ಕಿಂತ ಅರಳುವ ಹಂತದ ಮೊಗ್ಗು ರುಚಿ. ಅದರಲ್ಲಿ ನೀರಿನಂಶ ಇರುತ್ತದೆ, ಬೆಂದ ಮೇಲೂ ಸ್ವಲ್ಪ ಕಡಿಯಲು ಸಿಗುತ್ತದೆ. ರಾತ್ರಿ ಮರದ ಕೆಳಗೆ ಹಳೇ ಸೀರೆ ಹಾಸಿಟ್ಟರೆ ಉದುರಿದ ಹೂವೂ ಚೊಕ್ಕಟವಾಗಿ ಸಿಗುತ್ತದೆ. ನೆಲದ ಮೇಲೆ ಮಧ್ಯಾಹ್ನದ ತನಕ ಬಿದ್ದು ಬಾಡಿದ್ದು ಬೇಡ.

ಈಗ ಒಂದು ಹೂ ಕೈಗೆ ತೆಗೆದುಕೊಳ್ಳಿ. ಬುಡದಲ್ಲಿ ಹಸಿರು ಬಟ್ಟಲಿನ ಹಾಗಿರುವ ತೊಟ್ಟು. ಅದನ್ನು ತಿರುಚಿ ಕಿತ್ತುಬಿಡಿ. ಮುಂದೆ ದೋಣಿಯ ಹಾಗೆ ಮುಚ್ಚಿಕೊಂಡ ಎಸಳು. ಅದನ್ನು ಬೆರಳಿನಿಂದ ಬಿಡಿಸಿದರೆ ಒಳಗೆ ಬಾಗಿದ ಒಂದು ಕಡ್ಡಿ ಕಾಣುತ್ತದೆ. ಹತ್ತು ಕೇಸರಗಳು ಮತ್ತು ನಡುವಿನ ಎಳೆಗಾಯಿ ಸೇರಿ ಆದ ಕಟ್ಟು ಅದು. ಕಹಿ ಜಾಸ್ತಿ ಇರುವುದು ಅದರಲ್ಲೇ. ಬುಡ ಹಿಡಿದು ಎಳೆದರೆ ಇಡಿಯಾಗಿ ಬರುತ್ತದೆ. ಉಳಿಯುವುದು ಬಿಳಿ ಎಸಳು ಮಾತ್ರ. ಒಂದೂ ಕಡ್ಡಿ ಉಳಿಯಬಾರದು. ಅಜ್ಜಿ ಮೊರದಲ್ಲಿ ಹೂ ಸುರಿದುಕೊಂಡು ಕಣ್ಣಿಲ್ಲದ ಹಾಗೆ ಬೆರಳಲ್ಲೇ ಬಿಡಿಸುತ್ತಿದ್ದರು. ನಮ್ಮ ಪಾಲಿಗೆ ಬಂದ ಹೂವಿನಲ್ಲಿ ಕಡ್ಡಿ ಉಳಿದರೆ ಪಕ್ಕಕ್ಕೆ ತಳ್ಳಿ "ಇದು ನೀನೇ ತಿನ್ನು" ಅನ್ನುತ್ತಿದ್ದರು. ಒಂದು ಸಲ ತಿಂದವರು ಮರೆಯುವುದಿಲ್ಲ.

ಬಿಡಿಸಿದ ಎಸಳನ್ನು ಉಪ್ಪು ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಇರುವೆ ಹೋದ ಮೇಲೆ ತೊಳೆದು, ಬಸಿದುಕೊಳ್ಳಿ. ಹಿಂಡಬೇಡಿ. ಫ್ರಿಜ್‌ನಲ್ಲಿಟ್ಟರೆ ಒಂದು ದಿನ ಇರುತ್ತದೆ, ಆದರೆ ಅಂದೇ ಮಾಡುವುದು ಒಳ್ಳೆಯದು.

ಹೂವಿನ ಪಲ್ಯ

ನಾಲ್ಕು ಜನಕ್ಕೆ 50ರಿಂದ 60 ಹೂ ಬೇಕು. ಬಾಣಲೆ ತುಂಬಾ ಕಂಡರೂ ಬೆಂದ ಮೇಲೆ ಮೂರು ಹಿಡಿ ಆಗುತ್ತದೆ.

ಕಾಲು ಲೋಟ ಹೆಸರುಬೇಳೆಯನ್ನು ಅರ್ಧ ಗಂಟೆ ನೆನೆಸಿ, ಬೆರಳಿಗೆ ಒಡೆಯುವ ಹದಕ್ಕೆ ಬೇಯಿಸಿ ಬಸಿದಿಡಿ. ಬಾಣಲೆಗೆ ಎರಡು ಚಮಚ ಕಡಲೆಕಾಯಿ ಎಣ್ಣೆ, ಸಾಸಿವೆ, ಉದ್ದಿನಬೇಳೆ, ಎರಡು ಒಣಮೆಣಸಿನಕಾಯಿ, ಕರಿಬೇವು. ಆಮೇಲೆ ಹೆಚ್ಚಿದ ಒಂದು ಈರುಳ್ಳಿ. ಅದು ಮೆತ್ತಗಾದ ಮೇಲೆ ಹೂ ಹಾಕಿ, ಚಿಟಿಕೆ ಅರಿಶಿನ, ಉಪ್ಪು. ನೀರು ಹಾಕಬೇಡಿ, ಹೂವೇ ನೀರು ಬಿಡುತ್ತದೆ. ಮುಚ್ಚಳವೂ ಬೇಡ. ಐದು ನಿಮಿಷಕ್ಕೆ ಎಸಳು ಬಾಡಿ ಗಾಜಿನ ಹಾಗಾಗುತ್ತದೆ. ಆಗ ಬೇಳೆ, ಎರಡು ಹಿಡಿ ತೆಂಗಿನತುರಿ ಸೇರಿಸಿ ಒಂದು ಸಲ ತಿರುವಿ ಇಳಿಸಿ. ಮೇಲೆ ಹುಚ್ಚೆಳ್ಳು ಪುಡಿ ಉದುರಿಸಿ ನೋಡಿ. ನನಗೆ ತೆಂಗಿಗಿಂತ ಅದೇ ಇಷ್ಟ.

ಮಕ್ಕಳಿಗೆ ಮೊದಲ ಸಲ ಕೊಡುವುದಾದರೆ ಬಜ್ಜಿ ಮಾಡಿ. ಒಂದು ಲೋಟ ಕಡಲೆಹಿಟ್ಟು, ಎರಡು ಚಮಚ ಅಕ್ಕಿಹಿಟ್ಟು, ಓಂಕಾಳು, ಖಾರದಪುಡಿ, ಉಪ್ಪು ಹಾಕಿ ದೋಸೆ ಹಿಟ್ಟಿಗಿಂತ ಸ್ವಲ್ಪ ಗಟ್ಟಿ ಕಲಸಿ. ಕಡ್ಡಿ ತೆಗೆದ ಇಡೀ ಹೂವನ್ನು ಅದ್ದಿ ಕರಿಯಿರಿ. ಹೊರಗೆ ಗರಿಗರಿ, ಒಳಗೆ ಮೆತ್ತಗೆ.

ಎಳೆಕಾಯಿ ಬೆರಳುದ್ದ ಇದ್ದಾಗ ಕಿತ್ತರೆ ಹುರುಳಿಕಾಯಿ ಪಲ್ಯದ ಹಾಗೇ ಮಾಡಬಹುದು. ಅದಕ್ಕಿಂತ ಉದ್ದ ಆದರೆ ನಾರು.

ಸೊಪ್ಪು: ದ್ವಾದಶಿ ಪಲ್ಯ ಮತ್ತು ಬಸ್ಸಾರು

ಸೊಪ್ಪು ಬಿಡಿಸುವಾಗ ಕಡ್ಡಿಯ ತುದಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಬುಡದ ಕಡೆಗೆ ಜಾರಿಸಿ. ಎಲೆ ಎಲ್ಲಾ ಒಂದೇ ಎಳೆತಕ್ಕೆ ಬರುತ್ತದೆ. ಕಡ್ಡಿಯನ್ನು ಅಡುಗೆಗೆ ಹಾಕಬೇಡಿ, ಮೇಕೆಗೆ ಹಾಕಿ. ಎಲೆಯನ್ನು ಸಣ್ಣಗೆ ಹೆಚ್ಚಬೇಕು. ದಂಟಿನ ಸೊಪ್ಪಿನ ಹಾಗೆ ಬೇಗ ಕರಗುವ ಸೊಪ್ಪಲ್ಲ ಇದು.

ಏಕಾದಶಿ ಉಪವಾಸ ಮಾಡುವ ಮನೆಗಳಲ್ಲಿ ಮರುದಿನ ದ್ವಾದಶಿಯ ಪಾರಣೆಗೆ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಇರಬೇಕು ಅನ್ನುವ ಪದ್ಧತಿ ಇದೆ. ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿ ಹಾಕುವುದಿಲ್ಲ. ತುಪ್ಪದಲ್ಲಿ ಸಾಸಿವೆ, ಜೀರಿಗೆ ಒಗ್ಗರಣೆ, ಹೆಚ್ಚಿದ ಸೊಪ್ಪು, ಅರ್ಧ ಲೋಟ ನೀರು. ಮುಚ್ಚದೆ ಹತ್ತು ಹನ್ನೆರಡು ನಿಮಿಷ ಬೇಯಿಸಿ, ನೆನೆದ ಹೆಸರುಬೇಳೆ ಸೇರಿಸಿ, ಅದು ಬೆಂದ ಮೇಲೆ ಉಪ್ಪು, ಅಡಿಕೆಯಷ್ಟು ಬೆಲ್ಲ, ಕೊನೆಗೆ ತೆಂಗಿನತುರಿ. ಬೆಲ್ಲ ಕಹಿಯನ್ನು ಮುಚ್ಚುವುದಕ್ಕಲ್ಲ, ಕಹಿಯ ಜೊತೆ ನಿಲ್ಲುವುದಕ್ಕೆ. ಜಾಸ್ತಿ ಹಾಕಿದರೆ ರುಚಿ ಕೆಡುತ್ತದೆ.

ಏಕಾದಶಿ ಬರುವುದು ಹದಿನೈದು ದಿನಕ್ಕೊಮ್ಮೆ. ಅಂದರೆ ಅಗಸೆಯೂ ಹದಿನೈದು ದಿನಕ್ಕೊಮ್ಮೆ. ನಮ್ಮದು ಉಪವಾಸದ ಮನೆಯಲ್ಲ, ಆದರೂ ಅಜ್ಜಿ ಆ ಲೆಕ್ಕವನ್ನೇ ಪಾಲಿಸುತ್ತಿದ್ದರು. ದಿನಾ ತಿಂದರೆ ಹೊಟ್ಟೆ ಉಬ್ಬರ, ಕೆಲವರಿಗೆ ಬೇಧಿ.

ಇನ್ನು ನಮ್ಮ ಕಡೆಯ ಬಸ್ಸಾರು. ಮಳೆ ಬಿದ್ದ ಮೇಲೆ ಹೊಲದಲ್ಲಿ ಕಿತ್ತು ತರುವ ಬೆರಕೆ ಸೊಪ್ಪಿನ ಜೊತೆ ಅಗಸೆಯನ್ನು ಸೇರಿಸಬಹುದು, ಅಳತೆ ಮಾತ್ರ ನೆನಪಿರಲಿ. ಮೂರು ಹಿಡಿ ಕೀರೆ, ದಂಟು, ಬೆರಕೆ ಸೊಪ್ಪಿಗೆ ಒಂದು ಹಿಡಿ ಅಗಸೆ. ಬರೀ ಅಗಸೆ ಹಾಕಿ ಬಸಿದರೆ ಕಹಿ ಎಲ್ಲಾ ಬಸಿದ ನೀರಿಗೆ, ಅಂದರೆ ಕಟ್ಟಿಗೆ, ಇಳಿಯುತ್ತದೆ, ಸಾರು ಬಾಯಿಗೆ ಇಡಲಾಗುವುದಿಲ್ಲ.

ಒಂದು ಲೋಟ ತೊಗರಿಬೇಳೆ ಇಲ್ಲವೇ ಅಲಸಂದೆ ಕಾಳನ್ನು ಮುಕ್ಕಾಲು ಬೇಯಿಸಿ, ಸೊಪ್ಪು ಹಾಕಿ, ಉಪ್ಪು ಸೇರಿಸಿ ಪೂರ್ತಿ ಬೇಯಿಸಿ, ಕಟ್ಟನ್ನು ಬಸಿದುಕೊಳ್ಳಿ. ಒಂದು ಈರುಳ್ಳಿ, ಆರೆಂಟು ಎಸಳು ಬೆಳ್ಳುಳ್ಳಿ, ಜೀರಿಗೆ, ಮೆಣಸು, ಒಣಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಹುರಿದು, ತೆಂಗಿನಕಾಯಿ, ಹುಣಸೆಹಣ್ಣು, ಒಂದು ಸೌಟು ಬೆಂದ ಕಾಳುಸೊಪ್ಪು ಸೇರಿಸಿ ರುಬ್ಬಿ. ಅದನ್ನು ಕಟ್ಟಿಗೆ ಕಲಸಿ ಚೆನ್ನಾಗಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಬೆಳ್ಳುಳ್ಳಿ ಒಗ್ಗರಣೆ, ತೆಂಗಿನತುರಿ ಕೊಟ್ಟರೆ ಪಲ್ಯ. ಬಿಸಿ ರಾಗಿಮುದ್ದೆ ಇರಲೇಬೇಕು. ಮರುದಿನ ಕುದಿಸಿದ ಸಾರು ಇನ್ನೂ ರುಚಿ.

ಮನೆಮದ್ದಾಗಿ ಅಗಸೆ

ಇದರಲ್ಲಿ ಏನಿದೆ ಅಂತ ಮೊದಲು ಹೇಳುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಹಳೆಯ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ಅಗಸೆ ಸೊಪ್ಪಿನಲ್ಲಿ ಸುಮಾರು 1130 ಮಿಲಿಗ್ರಾಂ ಸುಣ್ಣದಂಶ (ಕ್ಯಾಲ್ಸಿಯಂ), 8.4 ಗ್ರಾಂ ಪ್ರೊಟೀನ್ ಇದೆ. ಸೊಪ್ಪುಗಳಲ್ಲಿ ಇಷ್ಟು ಸುಣ್ಣದಂಶ ಸಿಗುವುದು ಅಪರೂಪ. ಜೊತೆಗೆ ದೇಹ ಎ ವಿಟಮಿನ್ ಮಾಡಿಕೊಳ್ಳುವ ಕೆರೋಟಿನ್ ಕೂಡ ಚೆನ್ನಾಗಿದೆ.

ಇರುಳುಗಣ್ಣಿಗೆ ಅಗಸೆ ಒಳ್ಳೆಯದು ಅಂತ ಆಯುರ್ವೇದದ ಹಳೆಯ ನಿಘಂಟುಗಳು ಹೇಳುತ್ತವೆ. ಎ ವಿಟಮಿನ್ ಕಡಿಮೆಯಾದರೆ ಇರುಳುಗಣ್ಣು ಬರುತ್ತದೆ ಅನ್ನುವುದು ಈಗ ಎಲ್ಲರಿಗೂ ಗೊತ್ತು. ಕೆರೋಟಿನ್ ಮೈಗೆ ಹತ್ತಲು ಜಿಡ್ಡು ಬೇಕು. ಪಲ್ಯಕ್ಕೆ ತುಪ್ಪ, ತೆಂಗು ಹಾಕುವ ಪದ್ಧತಿ ಅದಕ್ಕೆ ಸರಿಯಾಗಿ ಹೊಂದುತ್ತದೆ. ಆದರೆ ಹೂವಿನ ರಸವನ್ನು ಕಣ್ಣಿಗೆ ಬಿಡುವುದು, ನೆಗಡಿಗೆ ಮೂಗಿಗೆ ಹಾಕುವುದು ಅಂತ ಹೇಳುವವರೂ ಇದ್ದಾರೆ. ಅದನ್ನು ಮಾಡಲೇಬೇಡಿ. ಮನೆಯಲ್ಲಿ ಹಿಂಡಿದ ರಸ ಶುದ್ಧವಾಗಿರುವುದಿಲ್ಲ, ಕಣ್ಣು ಹೋದರೆ ಮತ್ತೆ ಬರುವುದಿಲ್ಲ.

ಬಾಯಿಹುಣ್ಣಿಗೆ ನಮ್ಮಲ್ಲಿ ಮಾಡುವುದು ಅಗಸೆ ಸೊಪ್ಪಿನ ತಿಳಿಸಾರು. ಪಕ್ಕದ ಮನೆಯ ತಮಿಳು ಅಕ್ಕ ಕಲಿಸಿಕೊಟ್ಟದ್ದು. ಅಕ್ಕಿ ತೊಳೆದ ಎರಡನೇ ನೀರು ಎರಡು ಲೋಟ, ಒಂದು ಹಿಡಿ ಹೆಚ್ಚಿದ ಸೊಪ್ಪು, ನಾಲ್ಕು ಸಾಂಬಾರ್ ಈರುಳ್ಳಿ, ಅರ್ಧ ಚಮಚ ಜೀರಿಗೆ ಹಾಕಿ ಬೇಯಿಸಿ. ಸೊಪ್ಪು ಮೆತ್ತಗಾದ ಮೇಲೆ ಉಪ್ಪು, ಅರ್ಧ ಲೋಟ ತೆಂಗಿನಹಾಲು ಸೇರಿಸಿ, ಕುದಿಯುವ ಮುಂಚೆ ಇಳಿಸಿ. ಖಾರ ಬೇಡ. ಉಗುರು ಬೆಚ್ಚಗೆ ಅನ್ನಕ್ಕೆ ಕಲಸಿ ತಿನ್ನಿ. ಎರಡು ವಾರ ಆದರೂ ಹುಣ್ಣು ಮಾಯದಿದ್ದರೆ ಸಾರು ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು, ತಂಬಾಕು ಹಾಕುವವರಂತೂ ತಡ ಮಾಡಲೇಬಾರದು.

ತಲೆಗೆ ಹಾಕುವ ಎಣ್ಣೆಯೂ ಮಾಡುತ್ತಾರೆ. ಒಂದು ಲೋಟ ಸೊಪ್ಪಿನ ರಸಕ್ಕೆ ಒಂದು ಲೋಟ ಎಳ್ಳೆಣ್ಣೆ. ಸಣ್ಣ ಉರಿಯಲ್ಲಿ ಚಿಟಪಟ ಸದ್ದು ನಿಲ್ಲುವ ತನಕ ಕಾಯಿಸಿ, ಆರಿಸಿ, ಸೋಸಿಡಿ. ನೀರಿನಂಶ ಉಳಿದರೆ ಎಣ್ಣೆ ಕೆಡುತ್ತದೆ. ಬೇಸಿಗೆಯಲ್ಲಿ ತಲೆಗೆ ಹಾಕಿ ಸ್ನಾನ ಮಾಡಿದರೆ ತಂಪು ಅನ್ನಿಸುತ್ತದೆ. ಬಿದ್ದು ಪೆಟ್ಟಾಗಿ ಊದಿಕೊಂಡ ಕಡೆ, ಚರ್ಮ ಹರಿದಿಲ್ಲದಿದ್ದರೆ, ಅರೆದ ಎಲೆಯ ಪಟ್ಟು ಹಾಕುವುದೂ ಉಂಟು.

ತೊಗಟೆಯ ಕಷಾಯವನ್ನು ನಾನು ಹೇಳಿಕೊಡುವುದಿಲ್ಲ. ಅದು ತುಂಬಾ ಒಗರು, ಜಾಸ್ತಿಯಾದರೆ ವಾಂತಿ ಬರಿಸುತ್ತದೆ. ಬೇರು, ತೊಗಟೆ ಎಲ್ಲಾ ವೈದ್ಯರ ಕೈಯಲ್ಲೇ ಇರಲಿ. ಬಲಿತ ಹಸಿಬೀಜ ತಿನ್ನಬೇಡಿ, ಅದು ವಿಷ. ಜ್ವರಕ್ಕೆ ಅಗಸೆ ಅಂತ ಹಳೆಯ ಮಾತಿದೆ. ದಿನ ಬಿಟ್ಟು ದಿನ ಬರುವ ಚಳಿಜ್ವರ ಮಲೇರಿಯಾ ಇರಬಹುದು, ರಕ್ತ ಪರೀಕ್ಷೆ ಮಾಡಿಸಿ.

ಯಾರು ತಿನ್ನಬಾರದು, ಯಾವಾಗ ತಿನ್ನಬಾರದು

"ಮದ್ದು ತಗೊಳ್ಳುವಾಗ ಅಗಸೆ ತಿನ್ನಬೇಡ, ಮದ್ದು ಮುರಿಯುತ್ತೆ." ಕನ್ನಡ, ತೆಲುಗು, ತಮಿಳು ಮೂರೂ ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. ಇದನ್ನು ಪಾಲಿಸಿ. ಸುಣ್ಣದಂಶ ಜಾಸ್ತಿ ಇರುವ ಊಟ ಕೆಲವು ಮಾತ್ರೆಗಳನ್ನು ಮೈಗೆ ಹತ್ತಲು ಬಿಡುವುದಿಲ್ಲ. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ, ಟೆಟ್ರಾಸೈಕ್ಲಿನ್ ಜಾತಿಯ ಆಂಟಿಬಯೋಟಿಕ್ ಎಲ್ಲಾ ಈ ಗುಂಪಿನವು. ಥೈರಾಯ್ಡ್ ಮಾತ್ರೆಗೂ ಇಂಥ ಊಟಕ್ಕೂ ನಾಲ್ಕು ಗಂಟೆ ಅಂತರ ಇರಬೇಕು. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ತೆಗೆದುಕೊಳ್ಳುವವರು ಯಾವ ಸೊಪ್ಪನ್ನೂ ಏಕಾಏಕಿ ಜಾಸ್ತಿ ಮಾಡಬಾರದು. ಕಿಡ್ನಿ ತೊಂದರೆ, ಕಲ್ಲು ಇರುವವರು, ಬಸುರಿಯರು ಡಾಕ್ಟರನ್ನು ಕೇಳಿಯೇ ತಿನ್ನಿ.

ರಾತ್ರಿ ಊಟಕ್ಕೆ ಅಗಸೆ ಮಾಡಬೇಡಿ. ಅರಗಲು ಹೊತ್ತು ಹಿಡಿಯುತ್ತದೆ, ಮಧ್ಯಾಹ್ನವೇ ಸರಿ.

ದನಕರು, ಕೋಳಿ

ಹಸು, ಮೇಕೆ ಎರಡಕ್ಕೂ ಅಗಸೆ ಸೊಪ್ಪು ಬಲು ಇಷ್ಟ. ಒಣಗಿಸಿ ತೂಗಿದರೆ ಅದರಲ್ಲಿ ಸುಮಾರು ಕಾಲು ಭಾಗ ಪ್ರೊಟೀನ್. ಡೇರಿಗೆ ಹಾಲು ಹಾಕುವ ನಮ್ಮಂಥವರಿಗೆ ಹಿಂಡಿಯ ಖರ್ಚು ಸ್ವಲ್ಪ ಇಳಿಯುತ್ತದೆ. ಆದರೆ ಒಣಹುಲ್ಲು, ಜೋಳದ ಮೇವಿನ ಜೊತೆ ಒಂದಿಷ್ಟು ಮಾತ್ರ ಕೊಡಿ, ಇದನ್ನೇ ಹೊಟ್ಟೆ ತುಂಬಾ ಬೇಡ. ಕೋಳಿಗೆ ಹಾಕಲೇಬಾರದು. ಮರಿಗಳಂತೂ ಸಾಯುತ್ತವೆ. ಕತ್ತರಿಸಿದ ಕೊಂಬೆಯನ್ನು ಕೋಳಿ ಓಡಾಡುವ ಕಡೆ ಬಿಡಬೇಡಿ.

ಮುಂದಿನ ಮರಕ್ಕೆ ಬೀಜ

ಅಗಸೆ ಬಹಳ ವರ್ಷ ಬಾಳುವ ಮರವಲ್ಲ. ಚೆನ್ನಾಗಿ ನೋಡಿಕೊಂಡರೆ 20 ವರ್ಷ, ಹಲವು ಕಡೆ ಅದಕ್ಕೂ ಕಡಿಮೆ. ಹುಣಸೆ, ಮಾವಿನ ಹಾಗೆ ಮೊಮ್ಮಕ್ಕಳ ತನಕ ಇರುತ್ತದೆ ಅಂತ ನಂಬಿ ಕೂತರೆ ಒಂದು ದಿನ ಒಣಗಿದ ಬೊಡ್ಡೆ ಮಾತ್ರ ಉಳಿಯುತ್ತದೆ. ನಮ್ಮ ಊರಿನಲ್ಲಿ ಆದದ್ದೂ ಇದೇ.

ಆದ್ದರಿಂದ ಪ್ರತಿವರ್ಷ ನಾಲ್ಕೈದು ಕಾಯಿಯನ್ನು ಮರದಲ್ಲೇ ಬಿಡಿ. ಕಂದು ಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಗಲಗಲ ಅಂದಾಗ ಕಿತ್ತು, ನೆರಳಲ್ಲಿ ಎರಡು ದಿನ ಒಣಗಿಸಿ, ಬೀಜ ಬಿಡಿಸಿ. ತೂತು ಬಿದ್ದದ್ದು, ಸುಕ್ಕಾದದ್ದು ಆರಿಸಿ ತೆಗೆಯಿರಿ. ಉಳಿದದ್ದಕ್ಕೆ ಒಂದು ಚಮಚ ಬೂದಿ ಕಲಸಿ, ಒಣ ಬೇವಿನ ಎಲೆ ನಾಲ್ಕು ಹಾಕಿ ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ. ಮೇಲೆ ಚೀಟಿ ಅಂಟಿಸಿ, "ಅಗಸೆ ಮರ, ಬಿಳಿ ಹೂ" ಅಂತ ಬರೆದು ವರ್ಷ ಹಾಕಿ. ಬರೀ "ಅಗಸೆ" ಅಂತ ಬರೆದರೆ ಮನೆಯಲ್ಲಿ ಯಾರಾದರೂ ಚಟ್ನಿಪುಡಿಗೆ ಹುರಿದುಬಿಟ್ಟಾರು.

ಮರಕ್ಕೆ ಎಂಟು ವರ್ಷ ಆಗುವ ಹೊತ್ತಿಗೆ ಪಕ್ಕದಲ್ಲಿ ಇನ್ನೊಂದು ಸಸಿ ನೆಟ್ಟಿರಬೇಕು. ನಮ್ಮ ಮರಕ್ಕೆ ಈಗ ಏಳು. ಈ ಜೂನ್‌ಗೆ ಹತ್ತು ಕವರು ಹಾಕುತ್ತೇನೆ. ಒಂದು ನಮ್ಮ ಹಿತ್ತಲಿಗೆ, ಉಳಿದ ಒಂಬತ್ತು ಕೇಳಿದವರಿಗೆ.